ಮುದ್ದೆ ಅಗಿದ ಡಾಕ್ಟರು

ಅವರ ಬಲಗೈ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ಕಪ್ಪಗಿರುತ್ತಿತ್ತು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಹೊಸಕೋಟೆ ಸಂತೆಗೆ ಬರುವ ಹೆಂಗಸರು ಆ ಬೆರಳು ನೋಡಿ, ಡಾಕ್ಟರು ಮನೆಯಲ್ಲಿ ಗುಟ್ಟಾಗಿ ಏನೋ ಅರೆಯುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಮೊದಲು ಕಂಡಾಗ ಆ ಕಪ್ಪು ಹೆಬ್ಬೆರಳು ನಮ್ಮಪ್ಪನ ಮೊಣಕಾಲ ಕೆಳಗೆ ಊರಿತ್ತು. ಒತ್ತಿ ಹಿಡಿದು, ಮೆಲ್ಲಗೆ ತೆಗೆದು, ಅಲ್ಲಿ ಬಿದ್ದ ಗುಳಿಯನ್ನೇ ನೋಡುತ್ತ ಡಾಕ್ಟರು ಕೂತಿದ್ದರು. ಕಲಸಿಟ್ಟ ಹಿಟ್ಟಿಗೆ ಬೆರಳೊತ್ತಿದ ಹಾಗೆ ಆ ಗುಳಿ ತುಂಬಿಕೊಳ್ಳದೆ ಹಾಗೇ ಉಳಿದಿತ್ತು.

ದೊಡ್ಡ ಯುದ್ಧ ಇನ್ನೂ ಮುಗಿದಿರಲಿಲ್ಲ. ಸಕ್ಕರೆಗೂ ಸೀಮೆಎಣ್ಣೆಗೂ ಜನ ಕಾರ್ಡು ಹಿಡಿದು ನಿಲ್ಲುತ್ತಿದ್ದರು. ನಾನು ಚೊಚ್ಚಲ ಬಸುರಿ, ಬಾಣಂತನಕ್ಕೆಂದು ಅನುಗೊಂಡನಹಳ್ಳಿ ಹತ್ತಿರದ ತವರಿಗೆ ಬಂದಿದ್ದೆ. ಬಂದು ನೋಡಿದರೆ ಅಪ್ಪ ನಡುಮನೆಯಲ್ಲಿ ರಾಗಿ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಮೊದಲು ನೋಡಿದ ವೈದ್ಯರು, ಮೈಯಲ್ಲಿ ನೀರು ತುಂಬಿದೆ, ನೀರು ಕುಡಿಯಕೂಡದು ಎಂದಿದ್ದರಂತೆ. ಹತ್ತು ಹಳ್ಳಿಯ ನ್ಯಾಯ ಹೇಳುವ ಮನುಷ್ಯ ಒಂದು ಗುಟುಕು ನೀರಿಗಾಗಿ ಅವ್ವನ ಹತ್ತಿರ ಗೋಗರೆಯುತ್ತಿದ್ದರು. ಹುಟ್ಟುವ ಮಗುವನ್ನು ಅಪ್ಪ ನೋಡುತ್ತಾರೋ ಇಲ್ಲವೋ ಎಂಬುದೊಂದೇ ಆಗ ನನ್ನ ಚಿಂತೆ.

ಅಣ್ಣ ಗಾಡಿ ಕಟ್ಟಿ ನಮ್ಮಿಬ್ಬರನ್ನೂ ಹೊಸಕೋಟೆಗೆ ಕರೆದೊಯ್ದ, ಅಪ್ಪನ ಕಾಲಿಗೂ ನನ್ನ ಬಸಿರಿಗೂ ಒಂದೇ ಗಾಡಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದವರು ಈ ಡಾಕ್ಟರು. ತೆಳ್ಳಗೆ, ಉದ್ದಕ್ಕೆ, ಕಚ್ಚೆಪಂಚೆಯ ಮೇಲೆ ಮುಚ್ಚುಕೋಟು. ಮೈಸೂರು ಕಡೆಯವರು. ಮಾತಿಗೆ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಆಮೇಲೆ ಹೇಳಬೇಕಾದ್ದು ಮರೆತವರಂತೆ ಸುಮ್ಮನಾಗುವುದು ಅವರ ಅಭ್ಯಾಸ. ಬೇರೆ ಡಾಕ್ಟರುಗಳ ಬಾಯಲ್ಲಿ ಕೇಳದ ಮಾತೊಂದು ಅವರ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು: "ಗೊತ್ತಿಲ್ಲ." ಅದರಿಂದಲೇ ಅವರ ಹೆಸರು ಕೆಟ್ಟಿತ್ತು. ಗೊತ್ತಿಲ್ಲದವನ ಹತ್ತಿರ ಔಷಧಿ ತಗೊಂಡು ಸಾಯೋಕಾ ಎಂದು ಜನ ಬೆಂಗಳೂರಿನ ದಾರಿ ಹಿಡಿಯುತ್ತಿದ್ದರು.

"ಗೌಡ್ರೇ, ನಿಮ್ಮ ಹೃದಯ ದಣಿದಿದೆ. ಅದಕ್ಕೆ ಔಷಧಿ ಇದೆ, ಎಲ್ಲರಿಗೂ ಕೊಡ್ತೀನಿ," ಎಂದರು. "ಅದರ ಜೊತೆಗೆ ಇನ್ನೊಂದು ಇದೆ. ಅದು ನಿಜವಾಗ್ಲೂ ಗುಣ ಕೊಡುತ್ತೋ ಇಲ್ವೋ ನನಗಿನ್ನೂ ಗೊತ್ತಿಲ್ಲ. ಪರದೇಶದವರು ಕೊಡುತ್ತೆ ಅಂತ ಬರೆದಿದ್ದಾರೆ. ಅವರು ರಾಗಿ ತಿನ್ನೋ ಜನ ಅಲ್ಲ. ನಮ್ಮೋರಿಗೆ ಹೇಗೆ ಅಂತ ನೋಡ್ತಾ ಇದ್ದೀನಿ. ಒಬ್ಬರಿಗೆ ಉಪ್ಪು ಪೂರಾ ಬಿಡಿ ಅಂತೀನಿ, ಅವರಾದಮೇಲೆ ಬಂದವರಿಗೆ ಎಂದಿನ ಊಟ ಮಾಡಿ ಅಂತೀನಿ. ನಿಮ್ಮ ಪಾಳಿಗೆ ಉಪ್ಪು ಬಿಡೋದು ಬಂದಿದೆ. ಒಪ್ಪಿಗೆ ಇದ್ರೆ ಮಾತ್ರ."

"ನೀರು?" ಎಂದರು ಅಪ್ಪ. ಅವರಿಗೆ ಬೇಕಾಗಿದ್ದುದು ಅದೊಂದೇ.

"ಎಷ್ಟು ಬೇಕಾದ್ರೂ ಕುಡೀರಿ. ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತ ನೀವೇ ಹೇಳ್ತೀರಲ್ಲ? ಆ ಉಪ್ಪೇ ನೀರನ್ನ ಮೈಯಲ್ಲಿ ಕಟ್ಟಿಹಾಕೋದು."

ಅಪ್ಪ ಅಲ್ಲೇ ಒಂದು ಚೊಂಬು ನೀರು ತರಿಸಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಒಪ್ಪಿದೆ," ಎಂದರು. ನೀರಿನ ಆಸೆಗೆ ಒಪ್ಪಿದ್ದು ಎಂದು ಈಗಲೂ ನನ್ನ ಅನುಮಾನ.

ಅಂದಿನಿಂದ ಅವ್ವ ಅಪ್ಪನಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿದಳು. ಸೊಪ್ಪಿನ ಸಾರಿಗೆ ಹುಳಿ, ಖಾರ, ಬೆಳ್ಳುಳ್ಳಿ ಎಲ್ಲ ಬಿದ್ದವು, ಉಪ್ಪು ಬೀಳಲಿಲ್ಲ. ನಾನೇ ರುಚಿ ನೋಡಿ ಮುಖ ಹಿಂಡಿದ್ದೆ. ಉಪ್ಪಿನಕಾಯಿ ಜಾಡಿ ಅಟ್ಟ ಹತ್ತಿತು. ಅಪ್ಪ ಗೊಣಗದೆ ಉಂಡರು. ಆದರೆ ವಾರ ವಾರ ಹೋಗಿ ಬಂದರೂ ಕಾಲಿನ ಗುಳಿ ಮಾತ್ರ ಹಾಗೇ ಇತ್ತು. ನಮ್ಮ ಜೊತೆಗೇ ಉಪ್ಪು ಬಿಟ್ಟ ಮಾಲೂರು ದಾರಿಯ ಮುದುಕಿಯೊಬ್ಬಳು ಆಗಲೇ ಕೋಲು ಬಿಟ್ಟು ನಡೆಯುತ್ತಿದ್ದಳು.

ಆಗ ಆ ಕಪ್ಪು ಬೆರಳಿನ ಗುಟ್ಟು ತಿಳಿಯಿತು. ರೋಗಿಯ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಒಂದು ಹಳದಿ ನೀರು ಬೆರೆಸಿ, ಬೆಳ್ಳಿ ಬೆರೆತ ಔಷಧಿಯನ್ನು ಹನಿಹನಿಯಾಗಿ ಬಿಡುತ್ತಿದ್ದರು. ಉಪ್ಪು ಬಿಟ್ಟವರದಾದರೆ ಬೇಗನೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಉಪ್ಪು ತಿಂದವರದು ಹನಿಯ ಮೇಲೆ ಹನಿ ಬಿದ್ದರೂ ಹಳದಿಯಾಗಿಯೇ ಇರುತ್ತಿತ್ತು. ಆ ಔಷಧಿ ಬೆರಳಿಗೆ ತಾಕಿ ಬಿಸಿಲು ಕಂಡರೆ ಕಪ್ಪಾಗುತ್ತದಂತೆ. ಅಪ್ಪನ ನಳಿಗೆ ಹಳದಿಯಾಗಿಯೇ ಉಳಿಯಿತು.

"ಗೌಡ್ರೇ, ಎಲ್ಲೋ ಉಪ್ಪು ಹೋಗ್ತಾ ಇದೆಯಲ್ಲ?"

"ಉಪ್ಪಿನ ಹರಳು ನಾಲಿಗೆಗೆ ಸೋಕಿಲ್ಲ ಸ್ವಾಮಿ."

"ಬಾಯಿ ಸುಳ್ಳು ಹೇಳಬಹುದು. ಉಚ್ಚೆ ಸುಳ್ಳು ಹೇಳಲ್ಲ."

ಅಪ್ಪನ ಮುಖ ಕೆಂಪಾಯಿತು. ಹತ್ತಾರು ಜನ ಕೂತಿದ್ದ ಜಗಲಿ ಅದು. "ನನ್ ಮಾತ್ಗಿಂತ ನನ್ನ ಉಚ್ಚೆ ದೊಡ್ಡದಾ? ಗಾಡಿ ಕಟ್ಟಲಾ ಮಗಾ, ನಾನು ಸಾಯೋದಾದ್ರೆ ಮನೇಲೇ ಸಾಯ್ತೀನಿ. ಸುಳ್ಳುಗಾರ ಅನ್ನಿಸ್ಕೊಂಡು ಬದುಕೋದು ಬ್ಯಾಡ," ಎಂದು ಎದ್ದೇಬಿಟ್ಟರು. ಎದ್ದ ಎರಡೇ ಹೆಜ್ಜೆಗೆ ಏದುಸಿರು ಬಂದು ಗೋಡೆ ಹಿಡಿದರು. ನಾನು ಅತ್ತುಬಿಟ್ಟೆ. ಈ ಜಂಬಕ್ಕೇ ಅಪ್ಪ ಹೋಗಿಬಿಡುತ್ತಾರೆ ಎನಿಸಿತ್ತು.

ಡಾಕ್ಟರು ಎದ್ದು ಬಂದು ಅಪ್ಪನ ರಟ್ಟೆ ಹಿಡಿದರು. ಎಂದಿನಂತೆ ಗಂಟಲು ಸರಿಮಾಡಿಕೊಂಡರು. "ನಾನು ಹಾಗೆ ಅಂದದ್ದು ತಪ್ಪು. ನೀವೂ ಸುಳ್ಳು ಹೇಳ್ತಿಲ್ಲ, ಇದೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ನಮ್ಮಿಬ್ಬರಿಗೂ ಗೊತ್ತಿಲ್ಲದ್ದು ಇನ್ನೇನೋ ಇದೆ. ನಾನೇ ನಿಮ್ಮನೆಗೆ ಬರ್ತೀನಿ. ನೀವು ಉಣ್ಣೋದನ್ನೇ ನನಗೂ ಇಕ್ಕಿಸಿ."

ಬಂದೇ ಬಂದರು. ಭಾನುವಾರ ಮಧ್ಯಾಹ್ನ, ಬಿಸಿಲಲ್ಲಿ ಸೈಕಲ್ ತುಳಿದುಕೊಂಡು. ಅವರ ಜಾತಿಯವರು ನಮ್ಮ ಮನೆಯಲ್ಲಿ ಉಣ್ಣುವ ಕಾಲವಲ್ಲ ಅದು. ಅಣ್ಣ ಅವರಿಗೆಂದು ಬಾಳೆಹಣ್ಣು, ಹಾಲು ತಂದಿಟ್ಟಿದ್ದ. ಅದನ್ನು ಪಕ್ಕಕ್ಕೆ ಸರಿಸಿ, "ಗೌಡ್ರಿಗೆ ಮಾಡಿರೋದ್ರಲ್ಲೇ ನನಗೂ ಹಾಕಿ ಅವ್ವಾ," ಎಂದು ಅಪ್ಪನ ಮಗ್ಗುಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಅವ್ವ ಯಾಕೋ ಒಲೆಯ ಮುಂದಿಂದ ಏಳಲಿಲ್ಲ. "ಅದು ಸಪ್ಪೆ ಸ್ವಾಮಿ, ನಿಮಗೆ ಸೇರಾಕಿಲ್ಲ," ಎಂದಳು. ಅವರು ಬಿಡಲಿಲ್ಲ. ಕೊನೆಗೆ ಅಪ್ಪನ ಮುದ್ದೆಯಲ್ಲೇ ಅರ್ಧ ಮುರಿದು ಅವರ ಎಲೆಗೆ ಇಟ್ಟಳು.

ಪಾಪ, ಅವರಿಗೆ ಮುದ್ದೆ ಉಣ್ಣಲು ಬರುತ್ತಿರಲಿಲ್ಲ. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಗೊತ್ತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು, ಹಲ್ಲಿಗೆ ತಾಕಿಸಬಾರದು. ಇವರು ಅನ್ನದಂತೆ ಬಾಯಿಗಿಟ್ಟು ಅಗಿಯತೊಡಗಿದರು. ಅದು ಹಲ್ಲಿಗೆ, ಅಂಗುಳಿಗೆ ಮೆತ್ತಿಕೊಂಡು ಅವರ ದವಡೆ ಎಮ್ಮೆ ಮೆಲುಕು ಹಾಕಿದಂತೆ ಆಡುತ್ತಿತ್ತು. ಅಣ್ಣ ನಗು ತಡೆಯಲಾರದೆ, "ಅಗೀಬ್ಯಾಡಿ ಸ್ವಾಮಿ, ನುಂಗಿ! ನುಂಗ್ಬುಡಿ!" ಎಂದ. ಕಾಯಿಲೆ ಬಿದ್ದಂದಿನಿಂದ ನಗದಿದ್ದ ಅಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ನಗುತ್ತಿರಲಿಲ್ಲವೆಂದರೆ ಅವ್ವ ಒಬ್ಬಳೇ. ಅಷ್ಟರಲ್ಲಿ ಡಾಕ್ಟರ ದವಡೆಯೂ ನಿಂತಿತು. ಒಮ್ಮೆ ಅವ್ವನತ್ತ ನೋಡಿದರು. ಮತ್ತೆ ತಲೆ ತಗ್ಗಿಸಿ, ಎಲೆಯಲ್ಲಿದ್ದುದನ್ನು ಕೊನೆಯವರೆಗೂ ಅಗಿದೇ ಉಂಡು ಮುಗಿಸಿದರು. ಗಂಡಸರ ಮುಂದೆ ಒಂದಕ್ಷರ ಆಡಲಿಲ್ಲ.

ಕೈ ತೊಳೆಯಲು ಹಿತ್ತಿಲಿಗೆ ಬಂದವರಿಗೆ ಅವ್ವ ನೀರು ಹಾಕುತ್ತಿದ್ದಳು, ನಾನು ಬಾಗಿಲಲ್ಲಿ ನಿಂತಿದ್ದೆ. "ಅವ್ವಾ, ಮುದ್ದೆಗೆ ಉಪ್ಪು ಹಾಕೋ ಪದ್ಧತಿ ನಿಮ್ಮಲ್ಲಿ ಉಂಟಾ?" ಎಂದು ಮೆತ್ತಗೆ ಕೇಳಿದರು.

ಅವ್ವ ಚೊಂಬು ಕೆಳಗಿಟ್ಟಳು. ಮುದ್ದೆಗೆ ಯಾರೂ ಉಪ್ಪು ಹಾಕುವುದಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ನುಂಗುವ ಅಪ್ಪನಿಗೆ ರುಚಿ ಸಿಗುತ್ತಿರಲಿಲ್ಲ, ಖಾರದ ಸಾರಿನ ಹಿಂದೆ ಜಾರಿ ಹೋಗುತ್ತಿತ್ತು.

"ಸಪ್ಪೆ ಇಕ್ಕಾಕೆ ಕೈ ಬರ್ನಿಲ್ಲ ಸ್ವಾಮಿ," ಎಂದು ಅವ್ವ ಅಳುತ್ತ ಕೂತುಬಿಟ್ಟಳು. "ನಮ್ಮನೇಲಿ ಉಪ್ಪಿಲ್ದೆ ಇಕ್ಕೋದು ಸತ್ತೋರ್ಗೆ. ಹಿರೀಕರ ಎಡೆಗೆ ಮಾತ್ರ. ಮುತ್ತೈದೆ ನಾನು, ಬದುಕಿರೋ ಗಂಡನ ಮುಂದೆ ದಿನಾ ಎಡೆ ಇಡಾದು ಹೆಂಗೆ? ಸಾರ್ಗೆ ಹಾಕಾಕಿಲ್ಲ ಅಂತ ಯಜಮಾನ್ರಿಗೆ ಮಾತು ಕೊಟ್ಟಿದ್ದೆ, ಹಾಕ್ಲಿಲ್ಲ. ಮುದ್ದೆಗೆ ಒಂದು ಚಿಟಿಕೆ ಹಾಕ್ದೆ." ಅವ್ವನ ಚಿಟಿಕೆ ಎಂದರೆ ಹೊಲಕ್ಕೆ ಬಿತ್ತನೆ ಹಾಕುವ ಕೈಯ ಚಿಟಿಕೆ. ಪಾಪದ ಹೆಂಗಸು, ಗಂಡನನ್ನು ಉಳಿಸಿಕೊಳ್ಳಲು ಅವಳಿಗೆ ತಿಳಿದದ್ದು ಅದು.

ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆ ಎಂದು ಬೈದು ಹೋಗುತ್ತಿದ್ದರು. ಇವರು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತರು. "ತಪ್ಪು ನಂದೂ ಇದೆ. ಏನು ತಿನ್ನಬಾರದು ಅಂತ ಹೇಳಿ ಕಳಿಸಿದೆ. ನಿಮ್ಮನೇಲಿ ಅದಕ್ಕೆ ಏನರ್ಥ ಅಂತ ಕೇಳಲೇ ಇಲ್ಲ," ಎಂದರು. ಆಮೇಲೆ, "ಆ ಎಡೆ ಇಟ್ಟಾಗ ಅದರ ಮುಂದೆ ನೀವು ಯಾರಾದ್ರೂ ಕೂತು ಜೊತೇಲಿ ಉಣ್ತೀರಾ?" ಎಂದರು.

"ಉಂಟೇ ಸ್ವಾಮಿ? ಎಡೆ ಇಟ್ಟು, ಬಾಗ್ಲು ಮುಚ್ಕೊಂಡು ಆಚೆ ಬತ್ತೀವಿ."

"ಹಾಗಾದ್ರೆ ಬಾಗಿಲು ತೆಗೆದಿಡಿ. ಗೌಡ್ರ ಜೊತೆ ಕೂತು ನೀವೂ ಅದನ್ನೇ ಉಣ್ಣಿ. ಇಬ್ಬರು ಕೂತು ಉಂಡರೆ ಅದು ಎಡೆ ಹೇಗಾಗುತ್ತೆ?"

ಅವ್ವ ಕಣ್ಣೊರೆಸಿಕೊಂಡು ಅವರನ್ನೇ ನೋಡಿದಳು. ಗಂಡ ಉಂಡೆದ್ದ ಮೇಲೆ ಒಲೆಯ ಮುಂದೆ ಕೂತು ಉಂಡವಳು ಅವಳು, ಮದುವೆಯಾದಂದಿನಿಂದ. ಅಂದು ಸಂಜೆ ಅಪ್ಪನ ಪಕ್ಕ ಇನ್ನೊಂದು ಎಲೆ ಹಾಕಿಕೊಂಡು, ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡಿ ಸಪ್ಪೆ ಮುದ್ದೆ, ಸಪ್ಪೆ ಸಾರು ಉಂಡಳು. ಅಪ್ಪ ತಮ್ಮ ಎಲೆಯನ್ನು ಕೊಂಚ ಅವಳ ಕಡೆ ಸರಿಸಿಕೊಂಡರು.

ಡಾಕ್ಟರು ಅಪ್ಪನ ಹಿಂದಿನ ವಾರಗಳನ್ನೆಲ್ಲ ತಮ್ಮ ಲೆಕ್ಕದಿಂದ ಹೊಡೆದುಹಾಕಿ ಮತ್ತೆ ಮೊದಲಿಂದ ಹಿಡಿದರು. "ಕೆಟ್ಟ ಲೆಕ್ಕ ಇಟ್ಟುಕೊಂಡರೆ ಮುಂದೆ ಯಾರದೋ ಪ್ರಾಣಕ್ಕೆ ಬರುತ್ತೆ," ಎನ್ನುವುದು ಅವರ ಮಾತು. ಅಲ್ಲಿಂದ ಮುಂದೆ ಯಾವ ರೋಗಿ ಬಂದರೂ, ಮನೆಯಲ್ಲಿ ಅಡುಗೆ ಮಾಡುವ ಹೆಂಗಸನ್ನು ಮೊದಲು ಕೂರಿಸಿ ಮಾತಾಡಿಸುತ್ತಿದ್ದರು. ಮುದ್ದೆಯ ವಿಚಾರವಂತೂ ತಪ್ಪದೆ ಕೇಳುತ್ತಿದ್ದರು.

ಮುಂದಿನ ಸಲ ನಳಿಗೆಯ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಪ್ಪ ಅದನ್ನು ಜಗಲಿಯವರಿಗೆಲ್ಲ ತೋರಿಸಿಕೊಂಡು ಬಂದರು, ನನ್ನ ಮದುವೆಯಲ್ಲೂ ಅಷ್ಟು ಜಂಬಪಟ್ಟಿರಲಿಲ್ಲ! ಆಮೇಲೆ ಬಾವು ಇಳಿಯುತ್ತ ಬಂತು. ಚಪ್ಪಲಿ ಕಾಲಿಗೆ ಹತ್ತಿತು. ಒಂದು ಬೆಳಗ್ಗೆ ನಾನು ಎದ್ದು ನೋಡಿದರೆ ರಾಗಿ ಮೂಟೆ ಒಂದೇ ನಿಂತಿದೆ, ಅಪ್ಪ ಚಾಪೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ಗಾಬರಿಯಾಗಿ ಅವ್ವನನ್ನು ಕೂಗಿದೆ. ಅವಳು ಬಂದು ನೋಡಿ, ಅಲ್ಲೇ ಕಂಬಕ್ಕೊರಗಿ ಕೂತು, ಆ ಗೊರಕೆಯನ್ನು ಹಾಡಿನಂತೆ ಕೇಳಿದಳು. ನನ್ನ ಎದೆಯ ಮೇಲಿನ ಬಂಡೆ ಅವತ್ತು ಇಳಿಯಿತು. ನನಗೆ ಮಗಳು ಹುಟ್ಟಿದಾಗ ಅಪ್ಪ ಹಾಗೇ ಅಂಗಾತ ಮಲಗಿ ಅವಳನ್ನು ಎದೆಯ ಮೇಲೆ ಹಾಕಿಕೊಂಡಿದ್ದರು.

ಉಪ್ಪು ಬಿಟ್ಟವರೆಲ್ಲ ಉಳಿದರು ಎಂದು ಹೇಳಲಾರೆ. ಹೋದವರೂ ಇದ್ದರು, ಅವರ ಮನೆಗಳಿಗೂ ಡಾಕ್ಟರು ಹೋಗಿ ಕೂತು ಬರುತ್ತಿದ್ದರು. ಆದರೆ ಉಪ್ಪು ಬಿಡುವುದೇ ಒಳ್ಳೆಯದೆಂದು ಅವರಿಗೆ ಖಾತ್ರಿಯಾದ ದಿನ, ಎಂದಿನ ಊಟ ಮಾಡಿ ಎಂದಿದ್ದವರ ಊರೂರಿಗೂ ಸೈಕಲ್ ತುಳಿದು ಹೋಗಿ, "ಈಗ ಗೊತ್ತಾಯ್ತು. ನೀವೂ ಬಿಡಿ," ಎಂದು ಹೇಳಿ ಬಂದರು. ನಮ್ಮ ಬಾಗಿಲಲ್ಲೂ ಇಳಿದು ನೀರು ಕುಡಿದರು. ಬೆವರಿನಲ್ಲಿ ತೊಯ್ದ ಆ ಮುಖದಲ್ಲಿದ್ದ ನೆಮ್ಮದಿ ಈಗಲೂ ಕಣ್ಣ ಮುಂದಿದೆ. ಗೊತ್ತಿಲ್ಲ ಎನ್ನುವ ಭಾರವನ್ನು ಅವರು ಅಷ್ಟು ದಿನ ಒಬ್ಬರೇ ಹೊತ್ತಿದ್ದರು ಎಂದು ಆಗ ತಿಳಿಯಿತು. ಅಪ್ಪನ ಕಾಲಿಗೆ ಮತ್ತೊಮ್ಮೆ ಕಪ್ಪು ಹೆಬ್ಬೆರಳು ಒತ್ತಿದರು. ಗುಳಿ ಬೀಳಲಿಲ್ಲ.

ಯುದ್ಧ ಮುಗಿದ ಮೇಲೆ ಅವರಿಗೆ ದೂರಕ್ಕೆ ವರ್ಗವಾಯಿತು. ಅಪ್ಪ ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸುವಷ್ಟು ದಿನ ಬದುಕಿದ್ದು, ಒಂದು ಮಾಗಿಯ ಮುಂಜಾನೆ ನಿದ್ದೆಯಲ್ಲೇ ಹೋದರು, ಚಾಪೆಯ ಮೇಲೆ ಅಂಗಾತ ಮಲಗಿ. ಅದೇ ವರ್ಷ, ಹೊಸಕೋಟೆಯ ಕಂಪೌಂಡರ್ ಒಬ್ಬರು ಅಣ್ಣನಿಗೆ ಸಿಕ್ಕು, ಡಾಕ್ಟರೂ ತೀರಿಕೊಂಡರೆಂದು ಹೇಳಿದರಂತೆ.

ಆ ವರ್ಷದ ಹಿರಿಯರ ಹಬ್ಬಕ್ಕೆ ನಾನು ತವರಿಗೆ ಬಂದಿದ್ದೆ. ಅವ್ವ ಎಡೆಗೆ ಅಡುಗೆ ಮಾಡುತ್ತಿದ್ದಳು. ಸಾರು ಕುದಿಯುವಾಗ ಉಪ್ಪಿನ ಗಡಿಗೆಗೆ ಕೈ ಹಾಕಿ, ಬಿತ್ತನೆಯ ಕೈಯಲ್ಲಿ ಧಾರಾಳವಾಗಿ ಹಾಕಿದಳು. ನಾನು ಬೆಚ್ಚಿದೆ.

"ಅವ್ವಾ, ಎಡೆಗೆ ಉಪ್ಪಾ?"

"ಬದುಕಿದ್ದಾಗ ಸಪ್ಪೆ ಉಂಡವ್ರೆ. ಈಗಲಾದ್ರೂ ರುಚಿಯಾಗಿ ಉಣ್ಲಿ. ಕಾಲು ಒತ್ತಿ ನೋಡೋರು ಯಾರವ್ರೆ?"

ಅಪ್ಪನ ಎಲೆಯ ಮೇಲೆ ದುಂಡನೆಯ ಮುದ್ದೆ ಇಟ್ಟಳು. ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಅದಕ್ಕೂ ಒಂದು ಮುದ್ದೆ ಇಟ್ಟು, ಬಿಸಿಗೆ ಕೈ ಸುಡುತ್ತಿದ್ದರೂ ಅದನ್ನು ಮುರಿದು ಮುರಿದು ಸಣ್ಣ ಸಣ್ಣ ತುತ್ತು ಮಾಡತೊಡಗಿದಳು. ಎಲ್ಲ ಮುಗಿಸಿ ಎದ್ದ ಅವ್ವ ಬಾಗಿಲು ಮುಚ್ಚಲು ಹೋದ ನನ್ನ ಕೈ ಹಿಡಿದಳು.

"ತೆಗೆದೇ ಇರ್ಲಿ ಬಿಡೇ. ಅವರಿಗೆ ನುಂಗಾಕೆ ಬರಾಕಿಲ್ಲ. ಅಗಿದು ಉಣ್ಣೋದು ತಡ ಆಯ್ತದೆ."