ಮಾವನ ನೆಟ್ಟಗಿನ ಗೆರೆ

ಕಳೆದ ಭಾನುವಾರ ಸೇಡಂನಿಂದ ಪ್ಯಾಸೆಂಜರ್ ಹಿಡಿದು ವಾಡಿಯ ಅಕ್ಕನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಬಸವಣ್ಣನವರ ಫೋಟೋದ ಪಕ್ಕ ಹೊಸದೊಂದು ಪಟ. ಕಟ್ಟು ಹಾಕಿಸಿ, ಗಾಜು ಕೂಡಿಸಿ ಮೊಳೆ ಹೊಡೆದಿದ್ದಾರೆ. ಯಾವ ಶರಣರದು ಎಂದು ಹತ್ತಿರ ಹೋಗಿ ನೋಡಿದರೆ, ಅದೊಂದು ಗ್ರಾಫ್.

ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹೋದ ನೀಲಿ ಗೆರೆ. ಅದರ ಕೆಳಗೆ ಸ್ಕೇಲ್ ಹಿಡಿದು ಎಳೆದ ಕೆಂಪು ಗೆರೆ. (ಊದುಬತ್ತಿ ಹಚ್ಚಿರಲಿಲ್ಲ. ಅಷ್ಟೇ ಸಮಾಧಾನ.)

ಇದು ಶಿವಶರಣಪ್ಪ ಮಾವನ ಕೆಲಸ. ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನೂ ಮಾವ ಎಂದೇ ಕರೆಯುವುದು. ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕುಳಿತು, ಸುಡುವ ಭಟ್ಟಿಯ ಕಾವು ಎಷ್ಟಿದೆ, ಗಾಳಿ ಎಷ್ಟಿದೆ ಎಂದು ಕಂಪ್ಯೂಟರಿನ ಮೇಲೆ ಓಡುವ ಗೆರೆಗಳನ್ನು ನೋಡುತ್ತಲೇ ರಿಟೈರ್ ಆದವರು. ಜೀವಮಾನವೆಲ್ಲ ಗೆರೆ ನೋಡಿದ ಕಣ್ಣು ಮನೆಯಲ್ಲಿ ಏನು ನೋಡಬೇಕು? ಅಕ್ಕನ ಸೀರಿಯಲ್ಲೇ?

ಹಳೆಯ ಗೆಳೆಯರೊಬ್ಬರು ಫೋನಿನಲ್ಲಿ ಒಂದು ಹೈ ಯೀಲ್ಡ್ ಬಾಂಡ್ ಫಂಡ್ ತೋರಿಸಿದರಂತೆ. ಬ್ಯಾಂಕುಗಳು ಸುಲಭಕ್ಕೆ ಸಾಲ ಕೊಡದ ಕಂಪನಿಗಳು ಹೆಚ್ಚಿನ ಬಡ್ಡಿ ಆಸೆ ತೋರಿಸಿ ಸಾಲ ಎತ್ತುತ್ತವೆ. ಆ ಸಾಲಪತ್ರಗಳನ್ನು ಕೊಳ್ಳುವ ಫಂಡ್ ಅದು. ಬಡ್ಡಿ ಜಾಸ್ತಿ, ಭಯವೂ ಜಾಸ್ತಿ. ಮಾವನಿಗೆ ಬಡ್ಡಿಗಿಂತ ಅದರ ಬೆಲೆಯ ಗೆರೆ ಹಿಡಿಸಿತು. ಯೂಟ್ಯೂಬ್ ನೋಡಿ ಟೆಕ್ನಿಕಲ್ ಅನಾಲಿಸಿಸ್ ಕಲಿತರು. ಸಪೋರ್ಟ್, ಟ್ರೆಂಡ್‌ಲೈನ್, ಮೂವಿಂಗ್ ಆವರೇಜ್ ಎಲ್ಲ ಈಗ ಬಾಯಿಪಾಠ.

"ನೋಡು ತಂಗಿ, ಈ ಕೆಂಪು ಗೆರಿ ಸಪೋರ್ಟ್, ಬೆಲಿ ಇದರ ಕೆಳಗ ಬೀಳಂಗಿಲ್ಲ. ನೀಲಿ ಗೆರಿ ಒಂದ್ ಸಲಾನೂ ಇದಕ್ಕ ಮುಟ್ಟಿಲ್ಲ. ಹಿಂಗ ನೆಟ್ಟಗ ಏರ್ಲಿಕತ್ತದ" ಎಂದರು.

"ಚಲೋ ಅದ ಮಾವ. ಮತ್ತ ಈಗ ಏನ್ ಮಾಡೋರು?"

"ನಾಳಿ ಸೋಮವಾರ ಬ್ಯಾಂಕಿನ ಎಫ್‌ಡಿ ಮುಗೀತದ. ಅದನ್ನೂ ಇದಕ್ಕ ಹಾಕ್ತೀನಿ."

ಆ ಎಫ್‌ಡಿ ಅಕ್ಕನ ಮೊಣಕಾಲಿನ ಆಪರೇಷನ್ನಿಗೆಂದು ಇಟ್ಟದ್ದು. ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಅಕ್ಕನ ಕಾಲು?" ಎಂದೆ.

"ಅಕೀನ್ನೇ ಕೇಳು. ಈಗ ಆರಾಮ ಅದ ಅಂತಾಳ."

ಅಡುಗೆಮನೆಯಿಂದಲೇ ಅಕ್ಕನ ಉತ್ತರ ಬಂತು. "ಹ್ಞೂ, ಆರಾಮ ಅದ. ಹಾಕ್ಲಿ ಬಿಡು. ನನ್ನ ಕಾಲಿಗೆ ಏನಾಗ್ಯಾದ?"

ನಾನು ಒಳಗೆ ಇಣುಕಿದೆ. ಶಹಾಬಾದ್ ಫರಸಿಕಲ್ಲಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಪಟಪಟ ರೊಟ್ಟಿ ಬಡಿಯುತ್ತಿದ್ದ ಅಕ್ಕ ಈಗ ಗ್ಯಾಸ್ ಕಟ್ಟೆಗೆ ಒರಗಿ ನಿಂತು ಬಡಿಯುತ್ತಿದ್ದಳು. ಯಾಕೆ ಎಂದರೆ, "ನಿಂತು ಮಾಡಿದ್ರ ಲಗೂ ಆಗ್ತದ" ಎಂದಳು. ಇರಬಹುದು ಅಂದುಕೊಂಡೆ.

ಮಾವನ ಜೊತೆ ವಾದಕ್ಕೆ ಕೂತೆ. ನಮ್ಮ ಸೀಮೆಯಲ್ಲಿ ಬೆಲೆಯ ಬಗ್ಗೆ ಮಾತಾಡುವುದೆಂದರೆ ತೊಗರಿಯಿಂದಲೇ ಶುರು.

"ಮಾವ, ತೊಗರಿ ರೇಟ್ ಹಿಂಗ ನೆಟ್ಟಗ ಏರಿದ್ದು ನೋಡೀರೇನು? ಮುಂಜಾನಿ ಒಂದು, ಸಂಜಿಗಿ ಒಂದು. ಯಾಕಂದ್ರ ದಿನಾ ಯಾರರೆ ಕೊಳ್ತಾರ, ಯಾರರೆ ಮಾರ್ತಾರ. ನಿಮ್ಮ ಫಂಡಿನ ಸಾಲಪತ್ರ ದಿನಾ ಯಾರ್ ಕೊಳ್ತಾರ?"

"ಅದಕ್ಕೇ ತೊಗರಿ ಸಾಕಾಗ್ಯಾದ ನನಗ. ಎದಿ ಢವಢವ ಅಂತದ. ಇದು ನೋಡು, ಶಾಂತ."

ಹೇಳಿ ಉಪಯೋಗವಿಲ್ಲ. ಟೆಕ್ನಿಕಲ್ ಅನಾಲಿಸಿಸ್ ಸುಳ್ಳು ವಿದ್ಯೆಯೇನಲ್ಲ. ಆದರೆ ಅದು ಜನ ಕೊಟ್ಟು ತಗೊಂಡ ಬೆಲೆಯನ್ನು ಓದುವ ವಿದ್ಯೆ. ಕೊಳ್ಳುವವರೇ ಅಪರೂಪವಾದ ಪತ್ರಕ್ಕೆ ಲೆಕ್ಕ ಹಾಕಿ ಒಂದು ಅಂದಾಜು ಬೆಲೆ ಬರೆಯುತ್ತಾರೆ, ದಿನಾ ಅಷ್ಟಷ್ಟು ಬಡ್ಡಿ ಸೇರಿಸುತ್ತಾರೆ. ಗೆರೆ ನೆಟ್ಟಗೆ ಏರದೆ ಇನ್ನೇನು ಮಾಡೀತು? ಕಂಪನಿ ಬಡ್ಡಿ ಕಟ್ಟದ ದಿನ ಒಮ್ಮೆಲೇ ಬಾವಿಗೆ ಬಿದ್ದಂತೆ ಇಳಿಯುತ್ತದೆ. (ಫಂಡ್ ಕೆಟ್ಟದ್ದು ಎನ್ನುತ್ತಿಲ್ಲ. ಹೆಚ್ಚಿನ ಬಡ್ಡಿ ಯಾಕೆ ಕೊಡುತ್ತಾರೆ ಎಂದು ಗೊತ್ತಿದ್ದೂ ಹಾಕುವವರು ಹಾಕಲಿ. ಮೊಣಕಾಲಿನ ದುಡ್ಡು ಹಾಕುವುದು ಬೇಡ.)

ಚಹಾ ಬಂತು. ಸೋತವಳು ಮಾತು ಬದಲಿಸಬೇಕಲ್ಲ, ಸುಮ್ಮನೆ ಕೇಳಿದೆ. "ಮಾವ, ನಿಮ್ಮ ಭಟ್ಟಿ ಕಾವಿನ ಗೆರಿನೂ ಹಿಂಗೇ ನೆಟ್ಟಗ ಇರತಿತ್ತೇನು?"

ಮಾವ ನಕ್ಕರು. ಕಾರ್ಖಾನೆಯ ಮಾತು ಬಂದರೆ ಅವರ ಮುಖವೇ ಬೇರೆ.

"ಹುಚ್ಚಿ, ಬೆಂಕಿ ಎಲ್ಲಿ ನೆಟ್ಟಗ ಇರ್ತದ? ಸ್ವಲ್ಪ ಮ್ಯಾಲ, ಸ್ವಲ್ಪ ಕೆಳಗ ಆಡ್ತಾನೇ ಇರ್ತದ. ಆಡ್ಲಿಲ್ಲಂದ್ರ ನಮಗ ಫಿಕರ್. ಕಾವು ನೋಡೋ ಕಡ್ಡಿಗಿ ಬೂದಿ ಮೆತ್ತಿ ಕುಂತದ ಅಂತ ಅರ್ಥ. ಒಳಗ ಏನ್ ನಡದದ ಅದಕ್ಕ ತಿಳಿಯಂಗಿಲ್ಲ, ಸುಮ್ನ ಹಳೇದೇ ಹೇಳ್ತದ. ಹೊಸ ಹುಡುಗೂರು ಬಂದ್ರ ನಾ ಮೊದಲ ಹೇಳತಿದ್ದೆ, ಗೆರಿ ಭಾಳ ನೆಟ್ಟಗ ಇತ್ತಂದ್ರ ಭರೋಸಾ ಇಡಬ್ಯಾಡ್ರಿ, ಮಂದಿ ಕಳಿಸಿ ಕಡ್ಡಿ ತೆಗದು..."

ಮಾತು ಅಲ್ಲಿಗೇ ನಿಂತಿತು.

ಬಟ್ಟಲು ಕೈಯಲ್ಲೇ ಇತ್ತು. ಕಣ್ಣು ಗೋಡೆಯ ಮೇಲಿನ ಪಟಕ್ಕೆ ಹೋಯಿತು. ನಾನು ಬಾಯಿ ತೆರೆಯಲಿಲ್ಲ. (ಅಂಕಣ ಬರೆಯುವವರಿಗೆ ಇದು ಸಣ್ಣ ತಪಸ್ಸಲ್ಲ.)

ಮಾವ ಆ ಗೆಳೆಯರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು. "ಈ ಫಂಡಿನಾಗಿನ ಪತ್ರ ಖರೇ ಮಾರಾಟ ಆಗಿದ್ದು ಯಾವಾಗರಿ?"

"ಅದೆಲ್ಲ ಯಾಕ್ರಿ? ಗೆರಿ ನೋಡ್ರಿ, ಎಷ್ಟ್ ನೆಟ್ಟಗ ಅದ" ಎಂದಿತು ಫೋನು.

"ಅದಕ್ಕೇ ಕೇಳ್ಲಿಕತ್ತೀನ್ರಿ" ಎಂದು ಮಾವ ಫೋನ್ ಇಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕ ಚಹಾದ ಬಟ್ಟಲು ಒಯ್ಯಲು ಬಂದಳು. ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲು ದಾಟಿದಳು. ಮೊದಲು ಒಂದು ಕಾಲು, ಆಮೇಲೆ ಇನ್ನೊಂದನ್ನು ಎಳೆದುಕೊಂಡು. ಮಾವ ಅದನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಕಾಲು ಹ್ಯಾಂಗದ?"

"ಆರಾಮ ಅದ."

"ನಿನ್ನಿ ಹ್ಯಾಂಗಿತ್ತು?"

"ನಿನ್ನಿನೂ ಆರಾಮ."

"ಮಳೆಗಾಲದಾಗ? ಚಳಿಯಾಗ?"

"ಯಾವಾಗ್ಲೂ ಆರಾಮ ಅದರಿ. ಏನದು ಪೊಲೀಸರ ಗತೆ ಕೇಳ್ಲಿಕತ್ತೀರಿ?"

ಮಾವ ಎದ್ದು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡರು. "ನಾಳಿ ಬ್ಯಾಂಕಿನ ಕೆಲಸ ಬ್ಯಾಡ. ಇಬ್ಬರೂ ಕಲಬುರ್ಗಿ ದವಾಖಾನಿಗೆ ಹೋಗೂಣು."

ಅಕ್ಕ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕುರ್ಚಿಯ ಮೇಲೆ ನಿಧಾನಕ್ಕೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, "ಕೆಳಗ ಕುಂತ್ರ ಏಳ್ಲಿಕ್ಕೇ ಆಗವಲ್ದರಿ" ಎಂದಳು. ನಾನು ದಿನಾ ಫೋನ್ ಮಾಡುತ್ತೇನೆ, ದಿನಾ "ಆರಾಮ" ಎನ್ನುತ್ತಾಳೆ, ನಾನೂ "ಚಲೋ ಆತು" ಎಂದು ಇಟ್ಟುಬಿಡುತ್ತೇನೆ.

ನಿಮ್ಮ ಮನೆಯಲ್ಲಿ ಯಾವಾಗ ಕೇಳಿದರೂ "ಆರಾಮ" ಎನ್ನುವವರು ಯಾರು, ಅವರು ನಡೆಯುವುದನ್ನು ನೀವು ನೋಡಿದ್ದು ಯಾವಾಗ?