ಕೆಂಪಾದ ಹದಿನಾಲ್ಕು ಪರೀಕ್ಷೆಗಳು

ಸಾಂಡಾ ವ್ಲಾಯ್ಕು ರೊಮೇನಿಯಾದ ಬ್ರಾಶೊವ್‌ನ ಔಷಧಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಅಂಗಡಿ ಮುಚ್ಚಿದಾಗ ಅವರಿಗೆ ಐವತ್ತೊಂದು. ಸುಮ್ಮನೆ ಮನೆಯಲ್ಲಿ ಕೂರುವ ಜಾಯಮಾನ ಅವರದಲ್ಲ. ಒಂದು ವರ್ಷ ತರಗತಿಗೆ ಹೋಗಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಕಲಿತು, ನಮ್ಮ ಕಂಪನಿ ಸೇರಿದರು. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಔಷಧದ ಪ್ರಮಾಣ ಲೆಕ್ಕ ಹಾಕುವ ಪ್ರೋಗ್ರಾಂ ಆಗ ನಮ್ಮ ಕೈಯಲ್ಲಿತ್ತು.

ನಾವೆಲ್ಲ ನಮ್ಮ ಮುಖ್ಯಸ್ಥ ರೆಮುಸ್ ಸಿದ್ಧಮಾಡಿಟ್ಟ ಕಂಪ್ಯೂಟರುಗಳಲ್ಲೇ ಕೆಲಸ ಮಾಡುತ್ತಿದ್ದೆವು. ಸಾಂಡಾ ಒಪ್ಪಲಿಲ್ಲ. ಮನೆಯಿಂದ ತಂದ ಬದನೆಕಾಯಿ ಚಟ್ನಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾ, ಕೆಲಸಕ್ಕೆ ಬೇಕಾದ ಸಾಫ್ಟ್‌ವೇರನ್ನೆಲ್ಲ ತಮ್ಮ ಕಂಪ್ಯೂಟರಿಗೆ ಒಂದೊಂದಾಗಿ ತಾವೇ ಹಾಕಿಕೊಂಡರು. ಎರಡನೇ ದಿನ ಮಧ್ಯಾಹ್ನ ಪರೀಕ್ಷೆಗಳು ಓಡಿದವು. ನಮ್ಮಲ್ಲಿ ಎಲ್ಲವೂ ಹಸಿರು, ಅಂದರೆ ಪಾಸು. ಅವರಲ್ಲಿ ಹದಿನಾಲ್ಕು ಕೆಂಪು, ಅಂದರೆ ಫೇಲು.

ರೆಮುಸ್ ನಕ್ಕ. "ಮೇಡಂ, ಇದು ಮಾತ್ರೆ ಎಣಿಸಿ ಕೊಟ್ಟ ಹಾಗಲ್ಲ. ನಿಮ್ಮ ಕಂಪ್ಯೂಟರೇ ಸರಿಯಿಲ್ಲ. ಎಲ್ಲ ಅಳಿಸಿ, ನನ್ನದನ್ನೇ ಹಾಕ್ಕೊಳ್ಳಿ. ಸೋಮವಾರ ಆಸ್ಪತ್ರೆಗೆ ಕೊಡ್ಬೇಕು."

"ಅಳಿಸೋದು ಎಷ್ಟೊತ್ತಿನ ಕೆಲ್ಸಪ್ಪ? ಮೊದ್ಲು ಯಾಕೆ ಕೆಂಪಾಯ್ತು ಅಂತ ನೋಡ್ತೀನಿ."

ಒಂದೇ ಪರೀಕ್ಷೆ ಆರಿಸಿಕೊಂಡರು. ಲೆಕ್ಕ ಶುರುವಾಗುವ ಸಾಲಿನಲ್ಲಿ ಪ್ರೋಗ್ರಾಂ ನಿಲ್ಲುವಂತೆ ಗುರುತು ಹಾಕಿ, ಅಲ್ಲಿಂದ ಒಂದೊಂದೇ ಸಾಲು ಮುಂದೆ ಬಿಡುತ್ತಾ ಅಂಕಿಗಳನ್ನು ನೋಡಿದರು. ನಾಲ್ಕನೇ ಸಾಲಿನಲ್ಲಿ ಅವರ ಕೈ ನಿಂತಿತು. ಎರಡೂವರೆ ಮಿಲಿಲೀಟರ್ ಇದ್ದದ್ದು ಇಪ್ಪತ್ತೈದಾಗಿತ್ತು.

"ರೆಮುಸ್, ಸ್ವಲ್ಪ ಬಾ ಇಲ್ಲಿ."

ನಾನೂ ಹೋಗಿ ಹಿಂದೆ ನಿಂತೆ. ನಮ್ಮ ಕಂಪ್ಯೂಟರುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಸಾಂಡಾ ಅವರದು ಮಾತ್ರ ರೊಮೇನಿಯನ್‌ನಲ್ಲಿ. ನಮ್ಮ ರೊಮೇನಿಯನ್ ಭಾಷೆಯಲ್ಲಿ ದಶಾಂಶಕ್ಕೆ ಹಾಕುವುದು ಅಲ್ಪವಿರಾಮ; ಚುಕ್ಕಿ ಸಾವಿರಗಳನ್ನು ಬೇರ್ಪಡಿಸಲು. ಹಾಗಾಗಿ 2.5ರ ಚುಕ್ಕಿಯನ್ನು ಪ್ರೋಗ್ರಾಂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ವಾರ್ಡಿನ ಕಂಪ್ಯೂಟರು ಯಾವ ಭಾಷೇಲಿದೆ?" ಸಾಂಡಾ ಕೇಳಿದರು.

ರೆಮುಸ್ ಕುರ್ಚಿ ಎಳೆದುಕೊಂಡು ಕುಳಿತ. "ರೊಮೇನಿಯನ್," ಎಂದ ಮೆಲ್ಲಗೆ. "ಮಗೂಗೆ ಹತ್ತು ಪಟ್ಟು ಔಷಧ ಹೋಗ್ತಿತ್ತು."

"ಹೋಗ್ಲಿಲ್ವಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಇನ್ನಷ್ಟು ಟೈಮ್ ಕೇಳು."

ಅವನು ಎದ್ದು ಅಲ್ಲೇ ಫೋನ್ ಮಾಡಿದ, ತಪ್ಪನ್ನೂ ಮುಚ್ಚಿಡಲಿಲ್ಲ. ಎರಡು ವಾರ ತಡವಾಗಿ ಪ್ರೋಗ್ರಾಂ ವಾರ್ಡಿಗೆ ಹೋಯಿತು. ಈಗ ನಮ್ಮಲ್ಲಿ ಪ್ರತಿ ಪರೀಕ್ಷೆಯೂ ಎರಡೂ ಭಾಷೆಯಲ್ಲಿ ಓಡುತ್ತದೆ. ಹೊಸಬರು ಬಂದರೆ ರೆಮುಸ್ ಸಿದ್ಧ ಕಂಪ್ಯೂಟರ್ ಕೊಡುವುದಿಲ್ಲ. ಸಾಂಡಾ ಪಕ್ಕ ಕೂರಿಸುತ್ತಾನೆ.