ಬ್ಯಾನರಿನಲ್ಲಿ ಸೊರಗಿದ ಮುಖ

ಮೂಡಲಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಂದಾಳ ಬ್ಯಾನರ್ ಡಿಸೈನ್ ಅಂಗಡಿ. ಗೋಕಾಕದಲ್ಲಿ ಕಂಪ್ಯೂಟರ್ ಕಲಿತವಳು. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ, ಯಾವುದೇ ಇರಲಿ, ಮುಖಗಳನ್ನು ತಿದ್ದಿ ಚಂದ ಕಾಣಿಸುವುದೇ ಅವಳ ಕೆಲಸ.

ಕಳೆದ ಚಳಿಗಾಲದಲ್ಲಿ ಕಂಪ್ಯೂಟರ್ ಕೆಟ್ಟು ಹೊಸದನ್ನು ತಂದಳು. ಮಾನಿಟರ್ ಹಳೆಯದೇ. ಅದರ ವಾಯರ್ ಹೊಸದಕ್ಕೆ ಕೂಡಲಿಲ್ಲವೆಂದು ನಡುವೆ ಬೆರಳುದ್ದದ ಅಡಾಪ್ಟರ್ ಒಂದನ್ನು ಸಿಕ್ಕಿಸಿದಳು.

ಅದೇ ವಾರ ಕುಲಗೋಡದ ಹನಮವ್ವ ಬಂದಳು. ಗಂಡ ಶೆಟ್ಟೆಪ್ಪ ತೀರಿ ವರ್ಷವಾಗುತ್ತಿತ್ತು, ಶ್ರದ್ಧಾಂಜಲಿಯ ಬ್ಯಾನರ್ ಬೇಕಿತ್ತು.

"ಜಡ್ಡಿನ್ಯಾಗ ಬರೇ ಎಲುಬು ಉಳದಿದ್ವು ಯವ್ವಾ. ಅದನ್ನ ಮರೀಬೇಕಂತ, ಗಟ್ಟಿ ಇದ್ದಾಗಿನ ಫೋಟೊ ತಂದೇನಿ," ಎಂದಳು.

ಮಾನಿಟರಿನಲ್ಲಿ ಆ ಮುಖ ಕೆನ್ನೆ ಉಬ್ಬಿದಂತೆ ಅಗಲವಾಗಿ ಕಂಡಿತು. ಫೋಟೊ ತೆಗೆದವರ ತಪ್ಪೆಂದುಕೊಂಡ ನಂದಾ ಎರಡೂ ಬದಿ ಒತ್ತಿ ಕಿರಿದು ಮಾಡಿ, ಗೋಕಾಕದ ಪ್ರೆಸ್ಸಿಗೆ ಕಳಿಸಿದಳು.

ಅಚ್ಚಾಗಿ ಬಂದ ಬ್ಯಾನರ್ ಬಿಡಿಸಿ ನೋಡಿದ ಹನಮವ್ವ ಅಂಗಡಿಯ ಮೆಟ್ಟಿಲ ಮೇಲೇ ಕುಸಿದಳು. ಆಸ್ಪತ್ರೆಯಲ್ಲಿ ಸೊರಗಿದ್ದ ಗಂಡನ ಮುಖವೇ ಅಲ್ಲಿತ್ತು. "ಮತ್ತ ದವಾಖಾನಿ ಮಾರೀನ ಮಾಡಿಟ್ಟಿಯಲ್ಲ ಯವ್ವಾ!"

ನಂದಾ ಮೊಬೈಲಿನಲ್ಲಿ ಮೂಲ ಫೋಟೊ ತೆರೆದಳು. ಮುಖ ಸರಿಯಾಗಿಯೇ ಇತ್ತು! ಕಂಪ್ಯೂಟರಿನಲ್ಲಿ ಒಂದು ವೃತ್ತ ಬರೆದಳು. ತತ್ತಿಯಂತೆ ಅಡ್ಡಕ್ಕೆ ಹಿಗ್ಗಿತು. ಸೆಟ್ಟಿಂಗಿನಲ್ಲಿ ಹುಡುಕಿದರೆ ಆ ಅಗಲದ ಮಾನಿಟರಿಗೆ ಹೊಂದುವ ಚಿತ್ರದ ಅಳತೆ, ಅಂದರೆ ರೆಸಲ್ಯೂಷನ್, ಪಟ್ಟಿಯಲ್ಲೇ ಇಲ್ಲ. ವಾಯರ್ ಬದಲಿಸಿದಳು, ಹಾಗೆಯೇ. ಅಡಾಪ್ಟರ್ ಕಿತ್ತು ಮತ್ತೆ ಹಾಕಿದಾಗ ಒಂದು ಗಳಿಗೆ ವೃತ್ತ ದುಂಡಗಾಯಿತು. ಪರದೆ ಕಪ್ಪಾಗಿ ಬೆಳಗಿದಾಗ ವೃತ್ತ ಮತ್ತೆ ಹಿಗ್ಗಿತ್ತು. ಅಡಾಪ್ಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಗೋಕಾಕದಲ್ಲಿ ರಿಪೇರಿ ಮಾಡುವ ಸಾಗರನಿಗೆ ಫೋನ್ ಹಚ್ಚಿದಳು.

"ಅಕ್ಕಾ, ಮಾನಿಟರ್ ಎಷ್ಟು ಅಗಲ ಐತಿ ಅಂತ ಆ ಅಡಾಪ್ಟರ್ ಕಂಪ್ಯೂಟರಿಗೆ ತಿಳಸವಲ್ದು. ಕಂಪ್ಯೂಟರ್ ಅಗಲ ಕಡಿಮಿ ಇರೋ ಚಿತ್ರ ಕಳಸತೈತಿ, ಮಾನಿಟರ್ ಅದನ್ನ ಅಡ್ಡಕ್ಕ ಎಳದು ತೋರಸತೈತಿ. ಬ್ಯಾರೇದ ಹಾಕ್ರಿ," ಎಂದ.

ನಂದಾ ಅಂದೇ ಗೋಕಾಕಕ್ಕೆ ಹೋಗಿ ಬೇರೆ ಅಡಾಪ್ಟರ್ ತಂದಳು. ವೃತ್ತ ದುಂಡಗೆ ನಿಂತಿತು. ಒತ್ತಿದ್ದ ಮುಖ ಈಗ ಅವಳ ಕಣ್ಣಿಗೂ ಸೊರಗಿ ಕಂಡಿತು. ನೋಡಲಾರದೆ ಆ ಫೈಲ್ ಅಳಿಸಿ, ಮೊದಲಿನಿಂದ ಮಾಡಿದಳು.

ಮರುದಿನ ಅಚ್ಚಾಗಿ ಬಂದ ಹೊಸ ಬ್ಯಾನರನ್ನು ತಾನೇ ಕುಲಗೋಡಕ್ಕೆ ಒಯ್ದಳು. ಹನಮವ್ವ ಆ ಮುಖವನ್ನು ಬಹಳ ಹೊತ್ತು ಸವರಿದಳು.

"ಹೌದು, ಇವರೇ ನಮ್ಮನಿಯವರು. ಆದರ ನಿನ್ನೆ ನೋಡಿದ ಮಾರಿ ಕಣ್ಣಾಗಿಂದ ಹೋಗವಲ್ದು ಯವ್ವಾ."

"ತಪ್ಪಾತ್ರಿ, ಅತ್ತಿ," ಎಂದಳು ನಂದಾ. ಹನಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಊಟ ಮಾಡಿಯೇ ಹೋಗಬೇಕೆಂದು ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು.